ಶುಕ್ಲಪಕ್ಷದ ಇಂಟರ್ನೆಟ್ಟು

ಮೊನ್ನೆ ಮಗಳ ಅಂಗಿಯ ಗುಂಡಿ ಕಿತ್ತುಬಂತು ಅಂತ ಹೊಲಿಗೆ ಡಬ್ಬಿಯನ್ನು ಹಾಸಿಗೆಯ ಮೇಲೆ ಸುರುವಿದೆ. ಅದೊಂದು ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿ. ಬೇಕಾದ ಗುಂಡಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಅದರಲ್ಲಿ ಸಿಗುತ್ತದೆ. ಮುರಿದ ಹೇರ್‌ಪಿನ್ನು, ಯಾವ ಬೀಗದ್ದೆಂದು ಯಾರಿಗೂ ತಿಳಿಯದ ಕೀ, ಒಂಟಿ ಓಲೆ. ಈ ಸಲ ಅವುಗಳ ನಡುವಿನಿಂದ ಇನ್ನೆರಡು ವಸ್ತುಗಳು ಉರುಳಿಬಂದವು. ಬೆರಳ ತುದಿಗೆ ಟೋಪಿಯಂತೆ ಕೂರುವ ಒಂದು ಬೆಳ್ಳನೆಯ ಲೋಹದ ಮುಚ್ಚಳ, ಮತ್ತು ಮೂರು ಕಡೆ ಬಾಯಿಯಿರುವ ಒಂದು ಪುಟ್ಟ ಕೊಳವೆ.

"ಅಮ್ಮ, ಇದು ಕುಕ್ಕರಿಂದಾ?" ಎಂದಳು ಮಗಳು.

"ಅಲ್ಲ ಕಣೇ. ಇಂಟರ್ನೆಟ್ಟಿಂದು."

"ಇಂಟರ್ನೆಟ್ಟಿಗೆ ಮುಚ್ಚಳ ಇರ್ತಿತ್ತಾ?"

"ಇರ್ತಿತ್ತು. ನಮ್ಮನೆ ಕಡೆಗೊಂದು, ಚಿಕ್ಕಪ್ಪನ ಕಡೆಗೊಂದು."

ನನಗೆ ವಯಸ್ಸಾಗುತ್ತಿದೆ ಎಂಬುದನ್ನು ಖಚಿತಪಡಿಸಿಕೊಳ್ಳುವವಳಂತೆ ಅವಳು ಒಂದು ಕ್ಷಣ ನನ್ನ ಮುಖ ನೋಡಿ, ಅಂಗಿಗೆ ಪಿನ್ನು ಚುಚ್ಚಿಕೊಂಡು ಹೊರಟುಹೋದಳು. ನಾನು ಮಾತ್ರ ಆ ಮುಚ್ಚಳವನ್ನು ಬೆರಳಿಗೆ ಹಾಕಿಕೊಂಡು ಕೂತೆ. ಮನಸ್ಸಿನಲ್ಲಿ ಅದಾಗಲೇ ಶಿಡ್ಲಘಟ್ಟದ ತವರಿಗೆ ಹೋಗಿಬಿಟ್ಟಿದ್ದೆ.

ಮೊದಲೇ ಹೇಳಿಬಿಡುತ್ತೇನೆ, ನನ್ನ ನೆನಪನ್ನು ಪೂರ್ತಿ ನಂಬಬೇಡಿ. ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು, ಆಧಾರವಿಲ್ಲದೆ ಮಾತಾಡಬಾರದು ಎಂದು ಕಲಿತವಳು. ಆ ಕಾಲದಲ್ಲೂ ದಿನಚರಿ ಬರೆಯುತ್ತಿದ್ದೆ. ಆದರೆ ನನ್ನ ದಿನಚರಿಯಂಥ ಕೆಟ್ಟ ಆಧಾರ ಇನ್ನೊಂದಿಲ್ಲ. ಯಾವುದು ಮುಂದೆ ಮುಖ್ಯವಾಗುತ್ತದೆ ಎಂಬುದು ಬರೆಯುವಾಗ ನನಗೆಂದೂ ಹೊಳೆದಿಲ್ಲ. ನಮ್ಮ ಮನೆಯ ನಡುವೆ ಗೋಡೆ ಎದ್ದ ದಿನ ನಾನು ಬರೆದುಕೊಂಡಿರುವುದು ಇಷ್ಟೇ: 'ಹೀರೇಕಾಯಿ ಚಟ್ನಿ. ತಲೆನೋವು.'

ಗೋಡೆ ಎದ್ದದ್ದು ಅಪ್ಪನಿಗೂ ಚಿಕ್ಕಪ್ಪನಿಗೂ ಪಾಲಾದಾಗ. ಇಬ್ಬರೂ ರೇಷ್ಮೆ ನೂಲು ತೆಗೆಸುವವರು. ಜಗಳ ಯಾತಕ್ಕೆ ಶುರುವಾಯಿತು ಎಂಬುದಕ್ಕೆ ಎರಡು ಪಾಠಗಳಿವೆ. ನಮ್ಮ ಮನೆಯ ಪ್ರಕಾರ ಹಿತ್ತಲ ನಲ್ಲಿಗೆ, ಅವರ ಮನೆಯ ಪ್ರಕಾರ ನಮ್ಮಪ್ಪನ ಬಾಯಿಗೆ. ಅಂತೂ ನಡುಮನೆ ಸೀಳಿ, ಅತ್ತ ಹಸಿರು ಇತ್ತ ಹಳದಿ ಸುಣ್ಣ ಬಳಿದು, ಅಣ್ಣತಮ್ಮಂದಿರು ಮಾತು ಬಿಟ್ಟರು. ಪಾತ್ರೆ ಭಾಗವಾಯಿತು, ಹಿತ್ತಲು ಭಾಗವಾಯಿತು, ನೆಲ್ಲಿಕಾಯಿ ಮರದ ಕೊಂಬೆಗಳು ಭಾಗವಾದವು. ಭಾಗವಾಗದೆ ಉಳಿದವು ಎರಡು: ಅಪ್ಪನ ತಾಯಿ ನಂಜಜ್ಜಿ ಮತ್ತು ಟೆಲಿಫೋನು.

ಎರಡೂ ಬೀದಿ ಕಡೆಯ ಕೋಣೆಯಲ್ಲಿ ಇದ್ದವು. ಆ ಕೋಣೆಗೆ ಎರಡು ಬಾಗಿಲು, ಒಂದು ನಮ್ಮ ಕಡೆಗೆ, ಒಂದು ಅವರ ಕಡೆಗೆ. ಅಜ್ಜಿಯ ಊಟ ಶುಕ್ಲಪಕ್ಷದಲ್ಲಿ ನಮ್ಮಲ್ಲಿ, ಕೃಷ್ಣಪಕ್ಷದಲ್ಲಿ ಚಿಕ್ಕಪ್ಪನಲ್ಲಿ. ಹುಣ್ಣಿಮೆಯ ಮಾರನೆ ದಿನ ತಟ್ಟೆ ಲೋಟ ಎತ್ತಿಕೊಂಡು ಆ ಬಾಗಿಲಿಂದ ಹೋಗುವರು, ಅಮಾವಾಸ್ಯೆ ಕಳೆದ ಮೇಲೆ ಈ ಬಾಗಿಲಿಂದ ಬರುವರು. ಚಂದ್ರ ಬೆಳೆಯುವಾಗ ನಮ್ಮಮ್ಮನ ಸಾರಿಗೆ ಉಪ್ಪು ಹೆಚ್ಚು, ಕ್ಷೀಣಿಸುವಾಗ ಚಿಕ್ಕಮ್ಮನ ಸಾರಿಗೆ ಖಾರ ಹೆಚ್ಚು ಎಂದು ಎರಡೂ ಕಡೆ ಸಮನಾಗಿ ದೂರುವರು. ಟೆಲಿಫೋನಿಗೆ ಅಜ್ಜಿ ಹಾಕಿದ್ದ ನಿಯಮ ಒಂದೇ: ಅದು ಇಬ್ಬರಿಗೂ ಆಗಬೇಕು, ಇಲ್ಲವೇ ಯಾರಿಗೂ ಬೇಡ.

ಆದರೆ ಸಂಜೆ ನಾಲ್ಕಕ್ಕೆ ಅದು ಅಜ್ಜಿಯದು. ಆ ಹೊತ್ತಿಗೆ ಗೌರಿಬಿದನೂರಿನಿಂದ ಅವರ ತಂಗಿ ಪುಟ್ಟಜ್ಜಿ ಫೋನ್ ಮಾಡುತ್ತಿದ್ದರು. ಕ್ಷೇಮ ಸಮಾಚಾರಕ್ಕಲ್ಲ. ಅಕ್ಕತಂಗಿಯರಿಬ್ಬರೂ ಫೋನಿನಲ್ಲಿ ಚೌಕಾಬಾರ ಆಡುತ್ತಿದ್ದರು.

ನಗಬೇಡಿ, ಇದು ಗಂಭೀರ ವಿಷಯ. ಇಲ್ಲೊಂದು ಮಣೆ, ಅಲ್ಲೊಂದು ಮಣೆ. ಎರಡರಲ್ಲೂ ಇಬ್ಬರ ಕಾಯಿಗಳನ್ನೂ ಹೂಡಿಕೊಳ್ಳುವುದು. ಅಲ್ಲಿ ಅವರು ಎಸೆದು "ಮೂರು" ಅಂದರೆ ಇಲ್ಲಿ ಇವರು ಅವರ ಕಾಯನ್ನು ಮೂರು ಮನೆ ನಡೆಸುವುದು. ಫೋನಿನ ಖರ್ಚಿಗೆ ಹೆದರಿ ದಿನಕ್ಕೆ ನಾಲ್ಕಾರು ಎಸೆತ ಮಾತ್ರ. ಹಾಗಾಗಿ ಒಂದು ಆಟ ಮುಗಿಯಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಎಸೆದದ್ದನ್ನು ಎದುರಾಳಿ ನೋಡುವಂತಿಲ್ಲ, ನಂಬಬೇಕು. ಅವರ ತಾಯಿಯ ಕಾಲದ ನಾಲ್ಕು ಕವಡೆಗಳಿದ್ದವು. ಗೆದ್ದವರ ಹತ್ತಿರ ಆ ಕವಡೆ ಇರತಕ್ಕದ್ದು. ನನಗೆ ಬುದ್ಧಿ ಬಂದಾಗಿನಿಂದ ಅವು ಗೌರಿಬಿದನೂರಿನಲ್ಲೇ ಇದ್ದವು. ನಂಜಜ್ಜಿ ಒಂದು ಮಗ್ಗುಲು ತೇಯ್ದು ಬಿಳಿ ಮಾಡಿದ ಹುಣಸೇಬೀಜಗಳಲ್ಲಿ ಆಡುತ್ತಿದ್ದರು.

"ಅಮ್ಮನ ಕವಡೆ ಒಂದ್ಸಲ ಈ ಮನೆಗೆ ಬರ್ಬೇಕು ಕಣೇ ವಸು," ಎಂದು ನನಗೆ ಹೇಳುವರು. "ನಾನು ಹಿರೀ ಮಗಳು. ಹುಣಸೇಬೀಜ ಕುಟ್ಕೊಂಡು ಕೂತಿದೀನಿ."

ಇಂಥ ಮನೆಗೆ ಕಂಪ್ಯೂಟರು ಬಂತು. ಮೊದಲು ಬಂದದ್ದು ಚಿಕ್ಕಪ್ಪನ ಕಡೆಗೆ. ಅವರ ಮಗಳು ಸುಧಾ ಲಗ್ನಪತ್ರಿಕೆಗಳನ್ನು ವಿನ್ಯಾಸ ಮಾಡಿಕೊಡಲು ಶುರುಮಾಡಿದ್ದಳು. ಗೋಡೆಯಾಚೆಯಿಂದ ಹೊಸ ಯಂತ್ರದ ಗುಂಯ್ ಶಬ್ದ ಕೇಳಿದ ಮೇಲೆ ಅಪ್ಪ ಊಟ ಸರಿಯಾಗಿ ಮಾಡಲಿಲ್ಲ. ಎರಡನೇ ತಿಂಗಳಿಗೆ ನಮ್ಮ ಕಡೆಗೂ ಒಂದು ಬಂತು. ಏತಕ್ಕೆ ಎಂದು ಯಾರಾದರೂ ಕೇಳಿದರೆ, "ವಸು ಕಾಲೇಜಲ್ಲಿ ಪಾಠ ಮಾಡ್ತಾಳಲ್ಲ, ಅವಳಿಗೆ" ಎನ್ನುವರು. ನಾನು ಚಿಂತಾಮಣಿಯಲ್ಲಿ ತಾತ್ಕಾಲಿಕ ಉಪನ್ಯಾಸಕಿಯಾಗಿದ್ದೆ. ಮೌರ್ಯರ ಆಡಳಿತ ಪದ್ಧತಿಗೆ ಕಂಪ್ಯೂಟರ್ ಯಾಕೆ ಬೇಕು ಎಂಬುದು ನನಗೂ ತಿಳಿದಿರಲಿಲ್ಲ.

ಆಮೇಲೆ ಇಂಟರ್ನೆಟ್ಟು. ಇದ್ದದ್ದು ಒಂದೇ ಟೆಲಿಫೋನು, ಆದ್ದರಿಂದ ಸಂಪರ್ಕವೂ ಒಂದೇ. ಮೊದಮೊದಲು ಅಜ್ಜಿಯ ಕೋಣೆಯಿಂದ ಫೋನಿನ ತಂತಿಯನ್ನು ಒಂದು ಗಂಟೆ ಈ ಬಾಗಿಲಿಂದ, ಒಂದು ಗಂಟೆ ಆ ಬಾಗಿಲಿಂದ ಎಳೆದುಕೊಳ್ಳುತ್ತಿದ್ದೆವು. ಗಡಿಯಾರ ಯಾರದು ಸರಿ ಎಂದು ಅಮ್ಮನಿಗೂ ಚಿಕ್ಕಮ್ಮನಿಗೂ ವಾದವಾಗುತ್ತಿತ್ತು. ಕಡೆಗೆ ಸುಧಾ ಯಾವುದೋ ಕಂಪ್ಯೂಟರ್ ಪತ್ರಿಕೆ ಹಿಡಿದುಕೊಂಡು ಅಜ್ಜಿಯ ಕೋಣೆಗೆ ಬಂದಳು.

"ಅಕ್ಕ, ಎರಡನ್ನೂ ಒಂದು ಕೇಬಲ್ಲಲ್ಲಿ ಸೇರಿಸಿದ್ರೆ ಒಂದೇ ಲೈನಲ್ಲಿ ಇಬ್ಬರೂ ನೋಡ್ಬಹುದಂತೆ. ಆ ಕಡೆ ತುದಿಗೊಂದು, ಈ ಕಡೆ ತುದಿಗೊಂದು ಮುಚ್ಚಳ ಹಾಕ್ಬೇಕು ಅಷ್ಟೆ."

"ಮುಚ್ಚಳ ಯಾಕೆ?"

"ಇಲ್ದಿದ್ರೆ ಹೋಗಿದ್ದು ಕೊನೇಲಿ ಬಡಿದು ವಾಪಸ್ ಬರತ್ತಂತೆ. ಯಾರ ಮಾತೂ ಯಾರಿಗೂ ಕೇಳಲ್ಲ."

ಹಾಸಿಗೆಯ ಮೇಲೆ ಕೂತು ಕೇಳುತ್ತಿದ್ದ ಅಜ್ಜಿ, "ಈ ಮನೇಲಿ ಅದೇನು ಹೊಸದಾ?" ಎಂದರು.

ಬೆಂಗಳೂರಿನಿಂದ ಕಪ್ಪು ಕೇಬಲ್ಲು, ಮೂರು ಬಾಯಿಯ ಕೊಳವೆ ಎರಡು, ಮುಚ್ಚಳ ಎರಡು ತಂದೆವು. ನಮ್ಮ ನಡುಮನೆಯಿಂದ ಅಜ್ಜಿಯ ಕೋಣೆಯ ಗೋಡೆಯಂಚಿಗೆ ಹಾಯಿಸಿ ಅವರ ನಡುಮನೆಗೆ ಎಳೆದೆವು. ನಾನು ಮಂಚದ ಅಡಿ ತೆವಳಿ ಮೊಳೆ ಹೊಡೆದೆ. ಎಂ.ಎ. ಪದವಿ ಪಡೆದ ದಿನಕ್ಕಿಂತ ಅಂದು ಹೆಚ್ಚು ಹೆಮ್ಮೆಪಟ್ಟೆ ಎಂದು ನೆನಪು. ದಿನಚರಿಯಲ್ಲಿ ಮಾತ್ರ 'ಮಂಡಿ ತರಚಿತು' ಎಂದಿದೆ.

ಆದರೆ ಒಂದು ತೊಡಕಿತ್ತು. ಫೋನಿನ ತಂತಿ ಎರಡರಲ್ಲಿ ಒಂದು ಕಂಪ್ಯೂಟರಿಗೆ ಮಾತ್ರ ಹೋಗಬೇಕು. ಅದು ಚಾಲೂ ಇದ್ದರಷ್ಟೇ ಇನ್ನೊಂದಕ್ಕೆ ಇಂಟರ್ನೆಟ್ಟು. ಯಾವುದು ಕೊಡುವ ಮನೆ, ಯಾವುದು ಪಡೆಯುವ ಮನೆ? ಅಪ್ಪ ತಮ್ಮ ಬಾಗಿಲಲ್ಲಿ ನಿಂತು ಅಜ್ಜಿಗೆ ಹೇಳಿದರು, "ನಾನು ಹಿರಿಯೋನು, ನಮ್ಮ ಕಡೆ ಇರ್ಲಿ ಅಂತ ಹೇಳಮ್ಮ." ಆ ಬಾಗಿಲಿಂದ ಚಿಕ್ಕಪ್ಪ, "ನಮ್ಮ ಮೆಷೀನೇ ಹಿರೀದು, ಮೊದಲು ಬಂದಿದ್ದು, ಅಂತ ಹೇಳಮ್ಮ" ಎಂದರು. ಇಬ್ಬರ ನಡುವೆ ಇದ್ದ ದೂರ ಒಂದು ಮಂಚದಷ್ಟು.

ಅಜ್ಜಿ ಹೆಚ್ಚು ಯೋಚಿಸಲಿಲ್ಲ. "ನಾನು ಎಲ್ಲಿ ಉಣ್ತೀನೋ ಅದೂ ಅಲ್ಲೇ ಇರ್ಲಿ" ಎಂದರು.

ಹೀಗೆ ನಮ್ಮಲ್ಲಿ ಇಂಟರ್ನೆಟ್ಟು ಶುಕ್ಲಪಕ್ಷ ಕೃಷ್ಣಪಕ್ಷಕ್ಕೆ ಬಿತ್ತು. ಹುಣ್ಣಿಮೆ ಕಳೆದರೆ ಅಜ್ಜಿಯ ತಟ್ಟೆಯ ಹಿಂದೆ ಸುಧಾ ಫೋನಿನ ತಂತಿ ಸಿಕ್ಕಿಸುವ ಮೋಡೆಮ್ ಪೆಟ್ಟಿಗೆ ಹಿಡಿದುಕೊಂಡು ಆ ಕಡೆ ಹೊರಡುವಳು. ಅಮಾವಾಸ್ಯೆ ಕಳೆದರೆ ಈ ಕಡೆ. ಪಂಚಾಂಗ ನೋಡಿ ಸೆಟ್ಟಿಂಗ್ ಬದಲಿಸುತ್ತಿದ್ದ ಮನೆ ಪ್ರಪಂಚದಲ್ಲಿ ಇನ್ನೊಂದಿತ್ತೋ ಇಲ್ಲವೋ ನಾನರಿಯೆ.

ಎರಡೂ ಮನೆಯವರು ಅದರಲ್ಲಿ ಏನು ನೋಡುತ್ತಿದ್ದರು ಎಂದು ಕೇಳಬೇಡಿ. ಅಪ್ಪ ಚೀನಾ ರೇಷ್ಮೆಯ ಧಾರಣೆ ನೋಡುತ್ತೇನೆಂದು ಕೂತು ಟೋಕಿಯೋದ ಹವಾಮಾನ ನೋಡುತ್ತಿದ್ದರು. "ಟೋಕಿಯೋದಲ್ಲಿ ಮಳೆಯಂತೆ ಕಣೇ" ಎಂದು ಅಡುಗೆಮನೆಗೆ ಕೇಳುವಂತೆ ಹೇಳುವರು. ಅಮ್ಮ ಒಣಹಾಕಿದ ಹಪ್ಪಳದ ಕಡೆ ನೋಡಿ ನಿಟ್ಟುಸಿರು ಬಿಡುವರು. ಚಿಕ್ಕಪ್ಪ ಮುಗಿದುಹೋದ ಕ್ರಿಕೆಟ್ ಪಂದ್ಯಗಳ ಸ್ಕೋರು ನೋಡುತ್ತಿದ್ದರು, ಈ ಸಲವಾದರೂ ಗೆದ್ದಿರಬಹುದು ಎಂಬಂತೆ.

ಇದರಲ್ಲಿ ಹೋದದ್ದು ಅಜ್ಜಿಯ ನಾಲ್ಕು ಗಂಟೆ. ಆ ಹೊತ್ತಿಗೆ ಲೈನ್ ಬಿಡಬೇಕೆಂದು ಇಬ್ಬರೂ ಒಪ್ಪಿದ್ದರು. ಆದರೆ ಈ ಕಡೆ ಕತ್ತರಿಸಿದರೆ, ಆ ಕಡೆಯ ಕಂಪ್ಯೂಟರ್ ಏನೋ ಕೇಳುತ್ತಿತ್ತು. ಅದು ಕೇಳಿತು ಅಂತ ಮೋಡೆಮ್ ತಾನೇ ನಂಬರ್ ತಿರುಗಿಸುತ್ತಿತ್ತು. ಅಜ್ಜಿ ರಿಸೀವರ್ ಎತ್ತಿದರೆ ಕಿವಿಗೆ ಕಿರ್ರೋ ಅನ್ನುವುದು.

"ಒಳಗೆ ಯಾವ್ದೋ ಬೆಕ್ಕು ಸಿಕ್ಕಾಕೊಂಡೈತೆ ಕಣೇ," ಎನ್ನುವರು. ಅವರು ಎತ್ತಿದ ಕೂಡಲೇ ಎರಡೂ ಮನೆಯಿಂದ "ಅಮ್ಮಾ, ಇಡು, ಇಡು" ಎಂದು ಕೂಗು ಏಳುವುದು.

ಅತ್ತ ಗೌರಿಬಿದನೂರಿನಲ್ಲಿ ಪುಟ್ಟಜ್ಜಿಗೆ ದಿನವೂ ಎಂಗೇಜ್ ಶಬ್ದ. ಕಾದು ಕಾದು ಅವರು ಎದುರುಮನೆಯ ಬಷೀರ್ ಸಾಹೇಬರಿಗೆ ಫೋನ್ ಮಾಡಿದರು. ಅವರೂ ನೂಲು ತೆಗೆಸುವವರು, ರೇಷ್ಮೆಗೂಡು ಬೇಯಿಸುವ ಬಾಣಲೆಯ ಪಕ್ಕದಲ್ಲೇ ಅವರ ಫೋನು. ಪಾಪ, ರಸ್ತೆ ದಾಟಿ ಬಂದು ಕಿಟಕಿಯಲ್ಲಿ ನಿಂತರು.

"ನಂಜಮ್ಮೋರೇ, ಗೌರಿಬಿದನೂರಿಂದ ಫೋನು. ನೀವು ಬದುಕಿದೀರಾ ಅಂತ ಕೇಳ್ತಾವ್ರೆ."

"ಬದುಕಿದೀನಿ ಅನ್ನಪ್ಪ. ಅವಳಿಗೇನು ಬಿತ್ತು ಕೇಳು."

ಅವರು ಹೋಗಿ ಬಂದರು. "ಎಂಟು ಬಿದ್ದೈತಂತೆ. ಆಮೇಲೆ ಎರಡಂತೆ. ನಿಮ್ಮದೊಂದು ಕಾಯಿ ಹೊಡೆದ್ರಂತೆ."

"ಎಂಟಾ? ನೀನು ಕಣ್ಣಾರೆ ನೋಡ್ದಾ?"

"ಅಮ್ಮಾ, ಅವ್ರು ಗೌರಿಬಿದನೂರಲ್ಲವ್ರೆ, ನಾನು ಇಲ್ಲಿದೀನಿ. ಅಲ್ಲಿ ಬಾಣಲೇಲಿ ಗೂಡು ಬೆಂದು ಮುದ್ದೆ ಆಗ್ತಾ ಐತೆ. ನಿಮ್ಮ ಕಾಯಿ ನಡೆಸೋಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಇದಾದ ಮೇಲೆ ಪುಟ್ಟಜ್ಜಿ ಒಂದು ಕಾನೂನು ತಂದರು. ನಾಲ್ಕು ಗಂಟೆಗೆ ಸಿಗದಿದ್ದರೆ ನಂಜಜ್ಜಿಯ ಪಾಳಿ ಹೋದಂತೆ, ತಾವು ಎಸೆದುಕೊಂಡು ಮುಂದೆ ಹೋಗುವುದು. ಅಜ್ಜಿಗೆ ಆಗ ಉಳಿದಿದ್ದುದು ಒಂದೇ ಕಾಯಿ. ಮೂರು ಹಣ್ಣಾಗಿದ್ದವು, ಅಂದರೆ ಮಣೆಯ ನಡುವಿನ ಮನೆ ಸೇರಿದ್ದವು. ಅಷ್ಟು ವರ್ಷಗಳಲ್ಲಿ ಅವರು ಗೆಲುವಿಗೆ ಅಷ್ಟು ಹತ್ತಿರ ಬಂದಿರಲಿಲ್ಲವಂತೆ. ಟೋಕಿಯೋದ ಮಳೆಯಿಂದಾಗಿ ತಾಯಿಯ ಕವಡೆ ಕೈತಪ್ಪುವಂತಾಯಿತು. ಆ ವಾರ ಅಜ್ಜಿ ಎರಡೂ ಮನೆಯ ಸಾರಿನ ಬಗ್ಗೆ ಏನೂ ಹೇಳಲಿಲ್ಲ. ನಮಗೆ ಅದೇ ಹೆದರಿಕೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ದೇವರೂ ಭಾಗವಾಗಿರಲಿಲ್ಲವಾದ್ದರಿಂದ ಪೂಜೆ ಅಜ್ಜಿಯ ಕೋಣೆಯಲ್ಲೇ. ಎರಡೂ ಕಡೆಯ ಕತ್ತರಿ, ತಕ್ಕಡಿ, ಸುತ್ತಿಗೆ ಅಲ್ಲಿಗೆ ಬರುತ್ತಿದ್ದವು. ದೊಡ್ಡ ಯಂತ್ರಗಳನ್ನು ಹೊತ್ತು ತರಲಾಗದ್ದರಿಂದ ಒಂದೊಂದು ಭಾಗ ಕಳಚಿ ತಂದಿಡುವುದು ನಮ್ಮ ರೂಢಿ. ನೂಲಿನ ಯಂತ್ರಕ್ಕೆ ಬದಲಾಗಿ ಅದರ ಹಿಡಿ, ಸ್ಕೂಟರಿಗೆ ಬದಲಾಗಿ ಅದರ ಕೀ. ಕಂಪ್ಯೂಟರಿನ ಪರವಾಗಿ ಅಮ್ಮ ಮೌಸನ್ನು ಕಿತ್ತುತಂದು ಅದರ ನೆತ್ತಿಗೆ ಕುಂಕುಮ ಇಟ್ಟರು. ಅದನ್ನು ನೋಡಿ ಚಿಕ್ಕಮ್ಮ ತಮ್ಮ ಕಂಪ್ಯೂಟರಿನಲ್ಲಿ ಎಲ್ಲಕ್ಕಿಂತ ಹೊಳೆಯುವುದು ಯಾವುದೆಂದು ಹುಡುಕಿ, ಬೆನ್ನಿನಲ್ಲಿದ್ದ ಮುಚ್ಚಳವನ್ನು ತಿರುಗಿಸಿ ತೆಗೆದು, ಹುಣಸೇಹಣ್ಣಿನಲ್ಲಿ ಉಜ್ಜಿ, ಬೆಳ್ಳಿಯಂತೆ ಮಾಡಿ ತಂದಿಟ್ಟರು. ಆ ದಿನ ಯಾರೂ ಯಾವುದನ್ನೂ ಮುಟ್ಟುವಂತಿಲ್ಲ.

ಮಾರನೆ ದಿನ ನೋಡಿದರೆ ಮೌಸಿತ್ತು, ಮುಚ್ಚಳ ಇರಲಿಲ್ಲ.

ಶುಕ್ಲಪಕ್ಷ. ಫೋನಿನ ತಂತಿ ನಮ್ಮ ಕಡೆ ಇದ್ದುದರಿಂದ ನಮಗೆ ಇಂಟರ್ನೆಟ್ಟು ಬರುತ್ತಿತ್ತು, ಚಿಕ್ಕಪ್ಪನಿಗೆ ಇಲ್ಲ. ಅಪ್ಪ ಟೋಕಿಯೋಗೆ ಹೋಗುವಷ್ಟರಲ್ಲಿ ಅಜ್ಜಿ ಎದ್ದುಬಂದು ಮೋಡೆಮ್ಮಿನ ತಂತಿ ಎಳೆದರು. "ಇಬ್ಬರಿಗೂ ಸಿಗೋವರ್ಗೂ ಯಾರಿಗೂ ಬೇಡ" ಎಂದು ಹೇಳಿ ತಮ್ಮ ಕೋಣೆಗೆ ಹೋದರು.

ಮುಚ್ಚಳವೇ ಕಾರಣ ಎಂದು ನಾವಿಬ್ಬರು ಹೇಳಿದರೆ ದೊಡ್ಡವರು ನಂಬಲಿಲ್ಲ. ಅಷ್ಟು ಸಣ್ಣ ವಸ್ತುವಿಗಾಗಿ ಅಷ್ಟು ದೊಡ್ಡದು ನಿಲ್ಲುವುದೇ? ಕೇಬಲ್ಲಿನಲ್ಲೇ ದೋಷ, ಒಂದರ ಪರದೆಯಲ್ಲಿ ಇನ್ನೊಂದು ಕಂಡರೆ ಸಾಕು ಎಂದು ಅಪ್ಪ ಚಿಕ್ಕಪ್ಪ ಒಂದೊಂದು ತುದಿ ಹಿಡಿದು ಅಲುಗಾಡಿಸತೊಡಗಿದರು. ನಾನೂ ಸುಧಾಳೂ ನಡುವೆ ನಿಂತು ಮಾತು ದಾಟಿಸಬೇಕು. ಸ್ವಲ್ಪ ಹೊತ್ತಿಗೆ ನಾವು ಬೇಸತ್ತು ಸುಮ್ಮನಾದೆವು. ಆಗ ಗೋಡೆಯ ಆ ಕಡೆಯಿಂದ ಬಂತು.

"ಈಗ ಬಂತಾ?"

ನಮ್ಮಪ್ಪ ಅತ್ತಿತ್ತ ನೋಡಿದರು. ಬೇರೆ ಯಾರೂ ಇರಲಿಲ್ಲ.

"ಇಲ್ಲ," ಎಂದರು.

"ಈಗ?"

"ಇಲ್ಲ ಕಣೋ. ಆ ಕಡೆ ಸ್ವಲ್ಪ ಎತ್ತು."

ಗೋಡೆ ಎದ್ದ ಮೇಲೆ ಅವರಿಬ್ಬರು ನೇರವಾಗಿ ಆಡಿದ ಮೊದಲ ಮಾತುಗಳು ಇವೇ ಎಂದು ನನ್ನ ನಂಬಿಕೆ. ಮೊನ್ನೆ ಸುಧಾಳಿಗೆ ಫೋನ್ ಮಾಡಿ ಕೇಳಿದೆ. ಅವಳೀಗ ಚಿಂತಾಮಣಿಯಲ್ಲೇ ಇದ್ದಾಳೆ. "ಇಲ್ಲಕ್ಕ, ಅದಕ್ಕೆ ಮುಂಚೆ ಒಂದ್ಸಲ ಹಾವು ಬಂದಾಗ 'ಹಾವು ಹಾವು' ಅಂತ ಇಬ್ಬರೂ ಕೂಗಿದ್ರಲ್ಲ" ಎಂದಳು. ಅದನ್ನು ಮಾತುಕತೆಯ ಲೆಕ್ಕಕ್ಕೆ ಸೇರಿಸಬಹುದೋ ನನಗೆ ತಿಳಿಯದು.

ಮುಚ್ಚಳ ಸಿಕ್ಕಿದ್ದು ನಾಲ್ಕು ಗಂಟೆಗೆ. ಲೈನ್ ಬಿಡುವಾಗಿತ್ತಲ್ಲ, ಗೌರಿಬಿದನೂರಿನಿಂದ ಫೋನ್ ಬಂತು. ಅಜ್ಜಿಗೆ ಕಾಫಿ ಕೊಡಲು ಹೋದ ನಾನು ಮಣೆಯ ಕಡೆ ನೋಡಿದೆ. ಒಳಮನೆಗಳಲ್ಲಿ, ಹಣ್ಣಾಗಲು ಎರಡೇ ಮನೆ ದೂರದಲ್ಲಿ, ಅಜ್ಜಿಯ ಉಳಿದೊಂದು ಕಾಯಿಯಾಗಿ ಬೆಳ್ಳಗೆ ಹೊಳೆಯುತ್ತ ಅದು ಕೂತಿತ್ತು.

ನಾನು ಕೈಚಾಚಿದೆ. ಅಜ್ಜಿ ನನ್ನ ಕೈಗೆ ಪಟ್ಟೆಂದು ಹೊಡೆದರು.

"ಆಟದ ನಡುವೆ ಕಾಯಿ ಬದಲಾಯಿಸೋ ಹಂಗಿಲ್ಲ."

"ಅಜ್ಜಿ, ಅದು ಚಿಕ್ಕಪ್ಪನ ಇಂಟರ್ನೆಟ್ಟು."

"ಇರ್ಬೋದು. ಈಗ ನನ್ನ ಕಾಯಿ. ಹಳೇದು ಬಳೆಚೂರು, ಕಳೆದೋಯ್ತು. ಹಣ್ಣಾಗ್ಲಿ, ಕೊಡ್ತೀನಿ."

ಬಳೆಚೂರು ನಿಜವಾಗಿ ಕಳೆದಿತ್ತೇ? ಮುಚ್ಚಳ ಹೊಳೆಯುತ್ತದೆಂದು ಎತ್ತಿಕೊಂಡರೇ, ಅಥವಾ ಸುಧಾ ಅಂದು ಹೇಳಿದ್ದನ್ನು ಕೇಳಿಸಿಕೊಂಡು ಎಲ್ಲ ತಿಳಿದೇ ಎತ್ತಿಕೊಂಡರೇ? ಇಷ್ಟು ವರ್ಷವಾದರೂ ತೀರ್ಮಾನಕ್ಕೆ ಬರಲು ನನ್ನಿಂದಾಗಿಲ್ಲ. ಆಗ ಕೇಳಬಹುದಿತ್ತು. ಕೇಳಿದ್ದರೆ ಅಜ್ಜಿ ಇನ್ನೊಂದು ಪೆಟ್ಟು ಕೊಡುತ್ತಿದ್ದರು, ಅದು ಯಾವ ಉತ್ತರಕ್ಕೂ ಆಧಾರವಾಗುತ್ತಿರಲಿಲ್ಲ.

ಸರಿಯಾಗಿ ಎರಡು ಬೀಳಬೇಕು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. (ಸುಧಾ ಪ್ರಕಾರ ನಾಲ್ಕು. ಅವಳು ಅವರ ಬಾಗಿಲಿಂದ ನೋಡುತ್ತಿದ್ದಳು, ಅಲ್ಲಿಂದ ಮಣೆ ತಲೆಕೆಳಗು.) ಮೊದಲ ದಿನ ಬೀಳಲಿಲ್ಲ. ಎರಡನೆಯ ದಿನ ಅಪ್ಪ, ಏನೋ ಹುಡುಕುವವರಂತೆ, ನಾಲ್ಕಕ್ಕೆ ತಮ್ಮ ಬಾಗಿಲಿಗೆ ಬಂದು ನಿಂತರು. ಮೂರನೆಯ ದಿನ ಆ ಬಾಗಿಲಲ್ಲಿ ಚಿಕ್ಕಪ್ಪ. ಆಮೇಲೆ ಇಬ್ಬರೂ ಹೊಸ್ತಿಲ ಮೇಲೆ ಕೂರತೊಡಗಿದರು. ಹುಣ್ಣಿಮೆ ಬಂತು, ಅಜ್ಜಿಯ ತಟ್ಟೆ ಆ ಕಡೆ ಹೋಯಿತು, ಮೋಡೆಮ್ ಧೂಳು ಹಿಡಿಯುತ್ತ ಉಳಿಯಿತು. ಅಮ್ಮ ಕಾಫಿಯನ್ನು ಒಂದು ಲೋಟ ಹೆಚ್ಚು ಮಾಡಿ ಕಳಿಸಿದರು. ಚಿಕ್ಕಮ್ಮ ಅದಕ್ಕೆ ಪ್ರತಿಯಾಗಿ ಕೋಡುಬಳೆ ಕಳಿಸಿದರು. ಪೈಪೋಟಿ ಅಂದರೆ ನಮ್ಮಲ್ಲಿ ಹಾಗೆ.

ಈಗ ಯೋಚಿಸಿದರೆ ಆಶ್ಚರ್ಯವಾಗುತ್ತದೆ. ಶಿಡ್ಲಘಟ್ಟದಿಂದ ಬೆಂಗಳೂರಿಗೆ ಬೇಕಾದಷ್ಟು ಬಸ್ಸುಗಳಿದ್ದವು. ಹೋಗಿ ಇನ್ನೊಂದು ಮುಚ್ಚಳ ತರಬಹುದಿತ್ತು. ಯಾರೂ ಹೋಗಲಿಲ್ಲ.

ದೀಪಾವಳಿ ಹತ್ತಿರ ಬಂದಾಗ ಒಂದು ಸಂಜೆ ಪುಟ್ಟಜ್ಜಿಯೂ ಕೊನೆಯ ಕಾಯಿಯಲ್ಲಿದ್ದರು. ಅವರಿಗೆ ಒಂದು ಬಿದ್ದರೆ ಆಟ ಮುಗಿಯಿತು, ಕವಡೆ ಅಲ್ಲೇ. ಅವರು ಎಸೆದರು, ಎರಡು ಬಿತ್ತು, ನಡೆಯಲಿಲ್ಲ. ಅಜ್ಜಿ ರಿಸೀವರನ್ನು ಕತ್ತಿಗೆ ಒತ್ತಿಕೊಂಡು ಹುಣಸೇಬೀಜ ಕುಲುಕಿ ಎಸೆದರು. ನಾವೆಲ್ಲ ಬಗ್ಗಿದೆವು. ಮೂರು ಬಿಳಿ, ಒಂದು ಕಪ್ಪು.

ಮೂರು.

ಅಜ್ಜಿ ಬಾಯಿ ತೆರೆಯುವ ಮೊದಲೇ ಎರಡು ಹೊಸ್ತಿಲುಗಳಿಂದ ಒಟ್ಟಿಗೆ ಬಂತು: "ಎರಡು."

ಅಪ್ಪ ಚಿಕ್ಕಪ್ಪ ಒಬ್ಬರನ್ನೊಬ್ಬರು ನೋಡಿದರು. ಇಬ್ಬರ ಮುಖವೂ ರೇಷ್ಮೆಗೂಡಿನ ತೂಕದಲ್ಲಿ ಮೋಸ ಮಾಡಿ ಸಿಕ್ಕಿಬಿದ್ದವರಂತಾಗಿತ್ತು. ಪುಟ್ಟಜ್ಜಿಯ ಧ್ವನಿ ರಿಸೀವರಿನಿಂದ ಕೋಣೆಗೆಲ್ಲ ಕೇಳುವಷ್ಟು ದೊಡ್ಡದು.

"ಏಮಕ್ಕ, ಯಾರೇ ಅದು?"

"ನನ್ನ ಮಕ್ಕಳು. ನಂಬಬೇಡ. ಬಿದ್ದಿದ್ದು ಮೂರು. ಸುಳ್ಳು ಹೇಳ್ತಾವ್ರೆ."

"ದೊಡ್ಡೋನೂ ಸಣ್ಣೋನೂನಾ? ಒಂದೇ ರೂಮಲ್ಲಿ ಅವ್ರಾ?"

"ಅವ್ರೆ. ಒಂದೇ ತಟ್ಟೇಲಿ ಕೋಡುಬಳೆ ತಿಂತಾವ್ರೆ."

ಆ ಕಡೆ ಕವಡೆಗಳನ್ನು ಮಣೆಯ ಮೇಲಿಟ್ಟ ಸದ್ದು ಕೇಳಿಸಿತು.

"ಇಬ್ರೂ ಸೇರಿ ಹೇಳಿದ್ರಲ್ಲ," ಎಂದರು ಪುಟ್ಟಜ್ಜಿ. "ಸರೇ. ಎರಡೇ ಬಿತ್ತು. ಹಣ್ಣು ಮಾಡ್ಕೊ."

"ಮೂರು ಕಣೇ ಪುಟ್ಟಿ."

"ಎರಡು ಅಂದ್ರೆ ಎರಡು. ಬಾಯಿ ಮುಚ್ಕೊಂಡು ಕಾಯಿ ನಡೆಸು. ಗೆದ್ದೋಳು ನೀನು, ಸೋತೋಳಿಗೆ ವಾದ ಮಾಡೋಕೂ ಬಿಡಲ್ಲ."

ಅಜ್ಜಿ ಮುಚ್ಚಳವನ್ನು ಎರಡು ಮನೆ ನಡೆಸಿ ನಡುವೆ ಇಟ್ಟರು.

ಹಬ್ಬಕ್ಕೆ ಪುಟ್ಟಜ್ಜಿ ಬಸ್ಸಿನಲ್ಲಿ ತಾವೇ ಬಂದು, ಸೆರಗಿನ ತುದಿಯ ಗಂಟು ಬಿಚ್ಚಿ ನಾಲ್ಕು ಕವಡೆಗಳನ್ನು ಅಕ್ಕನ ಮಡಿಲಿಗೆ ಹಾಕಿದರು. ಹಳದಿಗಟ್ಟಿದ, ಅಂಚು ಸವೆದ ಕವಡೆಗಳು. ಅಜ್ಜಿ ಅವನ್ನು ಕಿವಿಯ ಹತ್ತಿರ ಕುಲುಕಿ ನೋಡಿದರು. ಎರಡು ದಿನ ಇದ್ದು ಪುಟ್ಟಜ್ಜಿ ಊರಿಗೆ ಹೊರಟರು. ಸುಧಾ ಮುಚ್ಚಳವನ್ನು ಸ್ವಸ್ಥಾನಕ್ಕೆ ತಿರುಗಿಸಿ ಕೂರಿಸಿದಳು. ಎರಡೂ ಮನೆಯಲ್ಲಿ ಇಂಟರ್ನೆಟ್ಟು ಬಂತು. ಅಪ್ಪ ಗೋಡೆಗೆ ಮುಖ ಮಾಡಿ, "ಟೋಕಿಯೋದಲ್ಲಿ ಬಿಸಿಲಂತೆ ಕಣೋ" ಎಂದರು. "ಹೌದಾ" ಎಂದಿತು ಗೋಡೆ.

ಮಾರನೆ ಸಂಜೆ ನಾಲ್ಕಕ್ಕೆ ಮುಂಚೆ ಚಿಕ್ಕಪ್ಪನ ಕಂಪ್ಯೂಟರಿನ ಹಿಂಬದಿಯ ಮೂರು ಬಾಯಿಯ ಕೊಳವೆ ಮುಚ್ಚಳದ ಸಮೇತ ಕಾಣೆಯಾಯಿತು. ಅದರ ಬೆನ್ನಿಗೇ ಮೋಡೆಮ್ಮಿನ ತಂತಿ ಹೊರಗೆ ಬಂತು.

ಯಾರೂ ಕೇಬಲ್ ಅಲುಗಾಡಿಸಲಿಲ್ಲ. ಅಪ್ಪ ಈ ಬಾಗಿಲಿಂದ, ಚಿಕ್ಕಪ್ಪ ಆ ಬಾಗಿಲಿಂದ ಬಂದು ಹೊಸ್ತಿಲ ಮೇಲೆ ಕೂತರು. ಮಣೆಯ ಮೇಲೆ ಹೊಸ ಆಟ ಹೂಡಿತ್ತು. ಅಜ್ಜಿಯ ಕಾಯಿಗಳಲ್ಲಿ ಎರಡು ಬೆಳ್ಳಗೆ ಹೊಳೆಯುತ್ತಿದ್ದವು.

"ಇದು ಮುಗಿಯೋದು ಯಾವಾಗಮ್ಮ?" ಎಂದರು ಚಿಕ್ಕಪ್ಪ.

ಅಜ್ಜಿ ತಾಯಿಯ ಕವಡೆಗಳನ್ನು ಅಂಗೈಯಲ್ಲಿ ಕುಲುಕುತ್ತ, ಫೋನಿನ ಕಡೆ ಒಮ್ಮೆ ನೋಡಿದರು.

"ಈಗಿನ್ನೂ ಶುರು ಕಣೋ. ಯುಗಾದಿ ಆಗ್ತದೆ. ಕೂತ್ಕೊಳ್ಳಿ."